ಈ ಚೌಕ ಎಲ್ಲಿಂದ ಬಂತು? ಅಮೂರ್ತ ಚಿತ್ರ ನೋಡುವವರಿಗೆ ಒಂದಿಷ್ಟು ಹಿನ್ನೆಲೆ

2022ರ ಅಕ್ಟೋಬರ್‌ನಲ್ಲಿ ಜರ್ಮನಿಯ ಡ್ಯುಸೆಲ್ಡಾರ್ಫ್ ನಗರದಿಂದ ಒಂದು ಸುದ್ದಿ ಬಂತು. ಪೀಟ್ ಮಾಂಡ್ರಿಯನ್ ಎಂಬ ಡಚ್ ಚಿತ್ರಕಾರರ ಒಂದು ಕೃತಿಯನ್ನು 75 ವರ್ಷಕ್ಕೂ ಹೆಚ್ಚು ಕಾಲ ತಲೆಕೆಳಗಾಗಿ ನೇತುಹಾಕಿದ್ದರಂತೆ. ಕೃತಿಯ ಹೆಸರು 'ನ್ಯೂಯಾರ್ಕ್ ಸಿಟಿ 1'. 1941ರದ್ದು. ಅದರಲ್ಲಿರುವುದು ಬ್ರಷ್ಷಿನಿಂದ ಎಳೆದ ಗೆರೆಗಳಲ್ಲ, ಕ್ಯಾನ್ವಾಸ್ ಮೇಲೆ ಅಡ್ಡಡ್ಡ ಉದ್ದುದ್ದ ಅಂಟಿಸಿದ ಬಣ್ಣದ ಟೇಪಿನ ಪಟ್ಟಿಗಳು. ಮಾಂಡ್ರಿಯನ್ ತೀರಿಕೊಂಡ 1944ರಲ್ಲಿ ತೆಗೆದ ಅವರ ಸ್ಟುಡಿಯೋದ ಫೋಟೋ ಒಂದರಲ್ಲಿ ಈ ಚಿತ್ರ ಈಗಿರುವುದಕ್ಕೆ ತಿರುವುಮುರುವಾಗಿ ನಿಂತಿದೆ. ಮ್ಯೂಸಿಯಂನವರು ಅದನ್ನು ಗಮನಿಸಿ ತಪ್ಪು ಗುರುತಿಸಿದರು. ಆದರೆ ಸರಿಪಡಿಸಲಿಲ್ಲ. ಟೇಪುಗಳು ಹಳೆಯದಾಗಿ ಅಂಟು ಬಿಡುವ ಸ್ಥಿತಿಯಲ್ಲಿವೆ, ಈಗ ತಿರುಗಿಸಿದರೆ ಕಿತ್ತು ಬೀಳಬಹುದು ಎಂಬ ಭಯ.

ಸುದ್ದಿ ನಮ್ಮ ಮನೆಯ ವಾಟ್ಸ್ಯಾಪ್ ಗುಂಪಿಗೂ ಬಂತು, ಜೊತೆಗೆ ನಗುವ ಮುಖಗಳೂ ಬಂದವು. "ಮೇಲೆ ಯಾವುದು ಕೆಳಗೆ ಯಾವುದು ಅಂತ ಅವರಿಗೇ ಗೊತ್ತಿಲ್ಲ, ನಮಗೇನು ಗೊತ್ತಾಗ್ಬೇಕು?" ಅಂತ ನನ್ನ ಚಿಕ್ಕಪ್ಪ ಕೇಳಿದರು. ನ್ಯಾಯವಾದ ಪ್ರಶ್ನೆ. ಇಂಥ ಚಿತ್ರ ನಿಜಕ್ಕೂ ಏನನ್ನು ಹೇಳುತ್ತದೆ, ಅದು ಹೇಳಿದ್ದನ್ನು ನಾವು ಯಾಕೆ ನಂಬಬೇಕು ಅಂತ ಕೇಳಿದವರು ಚಿಕ್ಕಪ್ಪನಂಥವರು ಮಾತ್ರ ಅಲ್ಲ. ಎಷ್ಟೋ ದಶಕಗಳಿಂದ ಚಿತ್ರಕಾರರೇ ಇದನ್ನು ಕೇಳುತ್ತಿದ್ದಾರೆ, ಅದೂ ಚಿತ್ರ ಬರೆದೇ ಕೇಳುತ್ತಿದ್ದಾರೆ. ಅವರು ಏನು ಕೇಳಿದರು, ಹೇಗೆ ಕೇಳಿದರು ಅನ್ನುವುದನ್ನು ಮೊದಲಿನಿಂದ ಹೇಳುತ್ತೇನೆ.

ಅಮೂರ್ತ ಅಂದರೆ

ಮರ, ಮನುಷ್ಯ, ಹಸು, ಬೆಟ್ಟ ಹೀಗೆ ಗುರುತಿಸುವಂಥ ವಸ್ತು ಯಾವುದೂ ಇಲ್ಲದ ಚಿತ್ರವೇ ಅಮೂರ್ತ ಚಿತ್ರ. ಬಣ್ಣ, ಗೆರೆ, ಆಕಾರ ಇಷ್ಟೇ ಇರುತ್ತದೆ. ಕೇಳಲಿಕ್ಕೆ ವಿಚಿತ್ರ ಅನ್ನಿಸಿದರೂ ಇದು ನಮಗೆ ಹೊಸದಲ್ಲ. ಬೆಳಿಗ್ಗೆ ಬಾಗಿಲ ಮುಂದೆ ಚುಕ್ಕಿ ಇಟ್ಟು ಬಳ್ಳಿ ಸುತ್ತಿದ ರಂಗೋಲಿಯನ್ನು ನೋಡಿ "ಇದು ಯಾವುದರ ಚಿತ್ರ?" ಅಂತ ಯಾರೂ ಕೇಳುವುದಿಲ್ಲ. ಸಂಗೀತ ಕಚೇರಿಯಲ್ಲಿ ಆಲಾಪನೆಗೆ ಸಾಹಿತ್ಯ ಇರುವುದಿಲ್ಲ, ಆದರೂ ತಲೆದೂಗುತ್ತೇವೆ ಅಲ್ವಾ? ಅಮೂರ್ತ ಚಿತ್ರವನ್ನು ಶುರುಮಾಡಿದವರಲ್ಲಿ ಒಬ್ಬರಾದ ಕ್ಯಾಂಡಿನ್ಸ್ಕಿ ಕೂಡ ಚಿತ್ರವನ್ನು ಸಂಗೀತಕ್ಕೇ ಹೋಲಿಸುತ್ತಿದ್ದರು.

'ಆಧುನಿಕ' ಅಂದರೆ 'ಈಗಿನದು' ಅಂತಲ್ಲ

ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಕಲೆಯ ಮಾತಿನಲ್ಲಿ ಆಧುನಿಕ ಅನ್ನುವುದು ಒಂದು ಕಾಲದ, ಒಂದು ನಂಬಿಕೆಯ ಹೆಸರು. ನಮ್ಮಲ್ಲಿ ನವ್ಯ ಸಾಹಿತ್ಯ ಅನ್ನುತ್ತೇವಲ್ಲ, ಹಾಗೆ. ನವ್ಯ ಬಂದು ಎಷ್ಟೋ ದಶಕಗಳಾದರೂ ಅದರ ಹೆಸರು ನವ್ಯವೇ. ಯುರೋಪ್ ಮತ್ತು ಅಮೆರಿಕದ ಚಿತ್ರಕಲೆಯಲ್ಲಿ ಈ ಆಧುನಿಕತಾವಾದ 19ನೇ ಶತಮಾನದ ಕೊನೆಯ ಭಾಗದಿಂದ 1960ರ ದಶಕದವರೆಗೆ ಜೋರಾಗಿತ್ತು. ಈಗ, ನಮ್ಮ ಕಾಲದಲ್ಲಿ ಆಗುತ್ತಿರುವ ಕಲೆಗೆ ಸಮಕಾಲೀನ ಅನ್ನುತ್ತಾರೆ.

ಆ ಕಾಲದ ನಂಬಿಕೆ ಏನಿತ್ತು? 1915ರ ಡಿಸೆಂಬರ್‌ನಲ್ಲಿ ರಷ್ಯಾದ ಪೆಟ್ರೋಗ್ರಾಡ್‌ನಲ್ಲಿ ಒಂದು ಪ್ರದರ್ಶನ ನಡೆಯಿತು. ಅಲ್ಲಿ ಕಾಜಿಮಿರ್ ಮಾಲೆವಿಚ್ ಎಂಬ ಚಿತ್ರಕಾರರು ಒಂದು ಕಪ್ಪು ಚೌಕವನ್ನು ತೂಗುಹಾಕಿದರು. ಸುತ್ತ ಬಿಳಿ, ನಡುವೆ ಕಪ್ಪು, ಅಷ್ಟೇ. ಅಗಲ ಎತ್ತರ ಎರಡೂ 79.5 ಸೆಂಟಿಮೀಟರ್. ಅದನ್ನು ತೂಗಿದ್ದ ಜಾಗ ಮುಖ್ಯ. ಎರಡು ಗೋಡೆ ಸೇರುವ ಮೂಲೆಯಲ್ಲಿ, ಎತ್ತರದಲ್ಲಿ. ರಷ್ಯಾದ ಮನೆಗಳಲ್ಲಿ ದೇವರ ಪಟ ಇಡುತ್ತಿದ್ದದ್ದು ಅಂಥ ಮೂಲೆಯಲ್ಲೇ. ದೇವರ ಮೂಲೆಯಲ್ಲಿ ದೇವರ ಬದಲು ಚೌಕ! ಎಲ್ಲ ಹಳೆಯದನ್ನೂ ಒರೆಸಿ ಸೊನ್ನೆಯಿಂದ ಶುರುಮಾಡೋಣ ಅನ್ನುವುದು ಅವರ ಮಾತಾಗಿತ್ತು.

ಮಾಂಡ್ರಿಯನ್ ಅವರದ್ದೂ ಅಂಥದೇ ದೊಡ್ಡ ಕನಸು. ನೇರ ಗೆರೆ, ಕೆಂಪು, ನೀಲಿ, ಹಳದಿ. ಇಷ್ಟರಿಂದಲೇ ಎಲ್ಲ ಮನುಷ್ಯರಿಗೂ ಒಂದೇ ರೀತಿ ಮುಟ್ಟುವ ಸಮತೋಲ ಸಿಗುತ್ತದೆ, ಅದು ಚಿತ್ರದಿಂದ ಮನೆಗೆ, ಬೀದಿಗೆ, ಬದುಕಿಗೆ ಹರಡುತ್ತದೆ ಅಂತ ಅವರು ಮನಸಾರೆ ನಂಬಿದ್ದರು. ಮೊದಲ ಮಹಾಯುದ್ಧದ ನಡುವೆ ಹುಟ್ಟಿದ ಆಸೆ ಅದು. ಹಾಗಾಗಿ ಅದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.

ಮುಂದೆ ಅಮೆರಿಕದ ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ 1960ರಲ್ಲಿ ಇದಕ್ಕೊಂದು ಸಿದ್ಧಾಂತದ ರೂಪ ಕೊಟ್ಟರು. ಪ್ರತಿಯೊಂದು ಕಲೆಯೂ ತನಗೆ ಮಾತ್ರ ಸೇರಿದ್ದನ್ನು ಉಳಿಸಿಕೊಂಡು ಉಳಿದದ್ದನ್ನು ಬಿಡಬೇಕು ಅಂತ ಅವರ ವಾದ. ಯಕ್ಷಗಾನದಿಂದ ವೇಷ, ಕುಣಿತ ತೆಗೆದರೆ ತಾಳಮದ್ದಳೆ ಉಳಿಯುತ್ತದೆ; ಮಾತು, ಹಾಡು ಇಷ್ಟರಲ್ಲೇ ಆಟ ನಿಲ್ಲುತ್ತದೆ. ಹಾಗೆಯೇ ಚಿತ್ರದಿಂದ ಕಥೆ ತೆಗೆಯಿರಿ, ಆಳದ ಭ್ರಮೆ ತೆಗೆಯಿರಿ, ಕೊನೆಗೆ ಉಳಿಯುವುದು ಚಪ್ಪಟೆ ಮೈ ಮತ್ತು ಬಣ್ಣ. ಅದೇ ಚಿತ್ರದ ನಿಜವಾದ ಸ್ವಂತ ಆಸ್ತಿ ಅಂತ ಅವರು ಹೇಳಿದರು. ಚಿತ್ರ ಹೊರಗಿನ ಲೋಕದಿಂದ ಬಿಡುಗಡೆಯಾಗಬೇಕು, ಎಲ್ಲರಿಗೂ ಸಮಾನವಾಗಿರಬೇಕು, ಒಬ್ಬ ಕಲಾವಿದ ಬಿಟ್ಟಲ್ಲಿಂದ ಇನ್ನೊಬ್ಬ ಮುಂದೆ ಹೋಗಬೇಕು, ಅದರಲ್ಲಿ ಕಲಾವಿದನ ಕೈಯ ಗುರುತು ಇರಬೇಕು. ಆಧುನಿಕತಾವಾದದ ಆದರ್ಶಗಳು ಅಂತ ಹೇಳುವುದು ಹೆಚ್ಚುಕಮ್ಮಿ ಇವುಗಳನ್ನೇ.

ಕನಸು ಬಿರುಕು ಬಿಟ್ಟದ್ದು

ನೇರ ಗೆರೆ ಮತ್ತು ಚೌಕ ಚಿತ್ರದಲ್ಲಿ ಮಾತ್ರ ಉಳಿಯಲಿಲ್ಲ, ಕಟ್ಟಡಗಳಿಗೂ ಬಂದವು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1950ರ ದಶಕದಲ್ಲಿ ಬಡವರಿಗಾಗಿ ಪ್ರೂಯಿಟ್–ಐಗೋ ಎಂಬ ವಸತಿ ಸಮುಚ್ಚಯ ಕಟ್ಟಿದರು. ಹನ್ನೊಂದು ಅಂತಸ್ತಿನ 33 ಕಟ್ಟಡ, ಎಲ್ಲ ಒಂದೇ ಥರ, ಸಾಲಾಗಿ. ನಿರ್ವಹಣೆಗೆ ದುಡ್ಡಿಲ್ಲದೆ, ಜನಾಂಗ ಭೇದ ಮತ್ತು ಬಡತನದ ನಡುವೆ ಅದು ಹಾಳುಬಿತ್ತು. 1972ರಲ್ಲಿ ಸರ್ಕಾರವೇ ಸಿಡಿಮದ್ದಿಟ್ಟು ಕೆಡವಲು ಶುರುಮಾಡಿತು. ತಪ್ಪು ಬರೀ ವಿನ್ಯಾಸದ್ದು ಅಂತ ಹೇಳಲಿಕ್ಕಾಗದು. ಆದರೆ ಚೌಕಗಳನ್ನು ಶಿಸ್ತಾಗಿ ಜೋಡಿಸಿದರೆ ಬದುಕೂ ಶಿಸ್ತಾಗುತ್ತದೆ ಅನ್ನುವ ನಂಬಿಕೆಗೆ ಆ ಧೂಳಿನಲ್ಲಿ ದೊಡ್ಡ ಪೆಟ್ಟು ಬಿತ್ತು.

ಅಷ್ಟರಲ್ಲಿ ಅಮೂರ್ತ ಚಿತ್ರಗಳ ಗತಿಯೂ ಬದಲಾಗಿತ್ತು. ಲೋಕವನ್ನೇ ಬದಲಿಸಬೇಕಾಗಿದ್ದ ಚಿತ್ರ ಬ್ಯಾಂಕಿನ ಲಾಬಿಯಲ್ಲಿ, ಕಂಪನಿಯ ಸಭಾಕೋಣೆಯಲ್ಲಿ, ಸೋಫಾದ ಮೇಲೆ ತೂಗುತ್ತಿತ್ತು. ಇದನ್ನು ನೋಡುತ್ತಾ ಬೆಳೆದ ಕಲಾವಿದರು ಕೇಳಿದ್ದು ಇಷ್ಟು: ಈ ಚೌಕ ನಿಜಕ್ಕೂ ಲೋಕದಿಂದ ಬಿಡುಗಡೆ ಪಡೆದಿದೆಯೇ? ಅಥವಾ ಲೋಕದೊಳಗಿಂದಲೇ ಬಂದಿದೆಯೇ?

ಚೌಕಕ್ಕೆ ಕಂಬಿ ಇಟ್ಟ ಪೀಟರ್ ಹ್ಯಾಲಿ

ಈ ಪ್ರಶ್ನೆಯನ್ನು ನೇರವಾಗಿ ಕೇಳಿದವರು ನ್ಯೂಯಾರ್ಕಿನ ಪೀಟರ್ ಹ್ಯಾಲಿ. ಹುಟ್ಟಿದ್ದು 1953ರಲ್ಲಿ. ಕೆಲವು ವರ್ಷ ನ್ಯೂ ಆರ್ಲಿಯನ್ಸ್‌ನಲ್ಲಿದ್ದು 1980ರಲ್ಲಿ ನ್ಯೂಯಾರ್ಕಿಗೆ ಮರಳಿದರು. ದೊಡ್ಡ ನಗರದ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ. ಪಕ್ಕದ ಮನೆಯಲ್ಲಿ ಯಾರಿದ್ದಾರೋ ಗೊತ್ತಿಲ್ಲ, ಆದರೆ ಕರೆಂಟು, ನೀರು, ಫೋನು, ಟಿ.ವಿ. ಎಲ್ಲ ಗೋಡೆಯೊಳಗಿಂದ ಬರುತ್ತದೆ. ಮನುಷ್ಯ ಡಬ್ಬಿಯೊಳಗೆ ಒಂಟಿ, ಡಬ್ಬಿ ಮಾತ್ರ ಪೈಪುಗಳ ಮೂಲಕ ಎಲ್ಲದಕ್ಕೂ ಜೋಡಣೆಯಾಗಿದೆ.

1981ರಲ್ಲಿ ಅವರು ಒಂದು ಚೌಕ ಬರೆದರು. ಮಾಲೆವಿಚ್ ಬರೆದಂಥದೇ ಸರಳ ಚೌಕ. ಆಮೇಲೆ ಅದರ ನಡುವೆ ಒಂದು ಕಿಟಕಿ ಇಟ್ಟು ಮೂರು ಉದ್ದ ಕಂಬಿ ಎಳೆದರು. ಮುಗೀತು. ಅಲ್ಲಿಯವರೆಗೆ ಶುದ್ಧ, ಸ್ವತಂತ್ರ, ಎಲ್ಲ ಮನುಷ್ಯರದ್ದು ಅನ್ನಿಸಿಕೊಂಡಿದ್ದ ಚೌಕ ಒಮ್ಮೆಲೇ ಜೈಲಿನ ಕೋಣೆಯಾಯಿತು. ಹೊಸ ಆಕಾರ ಏನೂ ಬೇಕಾಗಲಿಲ್ಲ, ಮೂರೇ ಮೂರು ಗೆರೆ ಸಾಕಾಯಿತು. ನನಗೆ ಈ ಚಿತ್ರಗಳ ಬಗ್ಗೆ ಇರುವ ಬೆರಗೆಲ್ಲ ಆ ಮೂರು ಗೆರೆಯಲ್ಲೇ ಇದೆ.

ಆಮೇಲೆ ಆ ಕೋಣೆಗಳಿಗೆ ಪೈಪುಗಳು ಬಂದವು. ಹ್ಯಾಲಿ ಇವುಗಳನ್ನು ಕಂಡ್ಯೂಟ್ ಅಂತ ಕರೆದರು. ಮನೆ ಕಟ್ಟಿಸಿದವರಿಗೆ ಈ ಪದ ಗೊತ್ತು. ಎಲೆಕ್ಟ್ರಿಷಿಯನ್ ಗೋಡೆ ಕೊರೆದು ವೈರಿಗಾಗಿ ಕೂರಿಸುವ ಪೈಪೇ ಕಂಡ್ಯೂಟ್. ಅವರ ಚಿತ್ರಗಳ ಕೆಳಭಾಗದಲ್ಲಿ ಎಷ್ಟೋ ಸಲ ಒಂದು ಪ್ರತ್ಯೇಕ ಪಟ್ಟಿ ಇರುತ್ತದೆ. ನೆಲದಡಿಯ ಜಾಗ ಅದು. ಪೈಪು ಅಲ್ಲಿಂದ ಎದ್ದು, ಲಂಬಕೋನದಲ್ಲಿ ತಿರುಗಿ, ಕೋಣೆಯೊಳಗೆ ಹೋಗುತ್ತದೆ. ನಲವತ್ತು ವರ್ಷದಿಂದ ಅವರು ಹೆಚ್ಚುಕಮ್ಮಿ ಇದನ್ನೇ ಬರೆಯುತ್ತಾ ಬಂದಿದ್ದಾರೆ. ಮನೆಮನೆಗೆ ಇಂಟರ್ನೆಟ್ ಬರುವ ಎಷ್ಟೋ ಮೊದಲೇ ಬರೆದ ಈ ಚಿತ್ರಗಳನ್ನು ಈಗ ನೋಡಿದರೆ, ಬಾಗಿಲು ಹಾಕಿಕೊಂಡು ವೈಫೈ ಹಿಡಿದು ಕೂತ ನಮ್ಮ ಕೋಣೆಗಳೇ ಕಾಣುತ್ತವೆ.

ಬಣ್ಣದ ವಿಷಯ ಇನ್ನೂ ಸ್ವಾರಸ್ಯ. ಹ್ಯಾಲಿ ಬಳಸುವುದು ಡೇ–ಗ್ಲೋ ಎಂಬ ಕಣ್ಣು ಕುಕ್ಕುವ ಬಣ್ಣ. ಹೈಲೈಟರ್ ಪೆನ್ನಿನ ಹಳದಿ, ರಸ್ತೆ ಕೆಲಸದವರ ಜಾಕೆಟ್ಟಿನ ಕಿತ್ತಳೆ ಇರುತ್ತದಲ್ಲ, ಆ ಜಾತಿಯದ್ದು. ಹೂವಿನಲ್ಲಿ, ಮಣ್ಣಿನಲ್ಲಿ ಸಿಗುವ ಬಣ್ಣವಲ್ಲ, ಕಾರ್ಖಾನೆಯದ್ದು. ಇನ್ನು ಕೋಣೆಗಳ ಮೈಗೆ ರೋಲ್–ಎ–ಟೆಕ್ಸ್ ಎಂಬ ವಸ್ತು. ಪೇಂಟಿಗೆ ಬೆರೆಸಿ ರೋಲರ್‌ನಲ್ಲಿ ಬಳಿದರೆ ಗೋಡೆ ತರಿತರಿಯಾಗುತ್ತದೆ. ಅಮೆರಿಕದ ಅಗ್ಗದ ಮನೆಗಳಲ್ಲಿ, ಮೋಟೆಲ್‌ಗಳಲ್ಲಿ ಬಳಸುವ ಸಾಮಾನು. ನಮ್ಮಲ್ಲೂ ಹಾಲ್‌ನ ಒಂದು ಗೋಡೆಗೆ ಟೆಕ್ಸ್ಚರ್ ಪೇಂಟ್ ಮಾಡಿಸುತ್ತಾರಲ್ಲ, ಅದಕ್ಕೆ ಹತ್ತಿರ. ನಾನಿರುವ ಬಾಡಿಗೆ ಮನೆಯಲ್ಲೂ ಅಂಥದೊಂದು ಗೋಡೆ ಇದೆ. ಕೈ ಸವರಿದರೆ ಮರಳು ಮರಳಾಗಿ ತಾಗುತ್ತದೆ, ಧೂಳು ಕೂತರೆ ಒರೆಸುವುದು ಕಷ್ಟ. ಹ್ಯಾಲಿಯ ಕೋಣೆಗಳು ದೂರದಿಂದ ನಯವಾದ ಚೌಕದ ಹಾಗೆ ಕಾಣುತ್ತವೆ, ಹತ್ತಿರ ಹೋದರೆ ಹೀಗೇ ತರಿತರಿ. ಪೈಪುಗಳ ಭಾಗ ಮಾತ್ರ ನುಣುಪು.

ಇದರಲ್ಲಿ ಪ್ರಶ್ನೆ ಎಲ್ಲಿದೆ? ಚಿತ್ರ ಅಂದರೆ ಬರೀ ಚಪ್ಪಟೆ ಮೈ ಮತ್ತು ಬಣ್ಣ, ಅದಕ್ಕೆ ಹೊರಗಿನ ಲೋಕ ಬೇಡ ಅಂತ ಗ್ರೀನ್‌ಬರ್ಗ್ ಹೇಳಿದ್ದರು. ಸರಿ, ಆ ಬಣ್ಣ ಎಲ್ಲಿಂದ ಬಂತು? ಹಾರ್ಡ್‌ವೇರ್ ಅಂಗಡಿಯಿಂದ. ಆ ಮೈ? ಮೋಟೆಲ್ ಗೋಡೆಯಿಂದ. ಆ ಚೌಕ? 1984ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಹ್ಯಾಲಿ ಈ ಮಾತನ್ನೇ ಎತ್ತಿಕೊಂಡರು. ಜೈಲು, ಆಸ್ಪತ್ರೆ, ಶಾಲೆ, ಕಾರ್ಖಾನೆ ಇವೆಲ್ಲ ಜನರನ್ನು ಒಂದೊಂದು ಚೌಕದಲ್ಲಿ ಕೂರಿಸಿ ಶಿಸ್ತು ಕಲಿಸಿದ ಬಗೆಯನ್ನು ಫ್ರಾನ್ಸಿನ ಚಿಂತಕ ಮಿಶೆಲ್ ಫೂಕೋ ವಿವರಿಸಿದ್ದರು. ಅದನ್ನು ಓದಿಕೊಂಡಿದ್ದ ಹ್ಯಾಲಿ, ಜ್ಯಾಮಿತಿ ಯಾರ ಪರವೂ ಅಲ್ಲದ ಶುದ್ಧ ಭಾಷೆ ಅನ್ನುವುದನ್ನು ಒಪ್ಪಲಿಲ್ಲ.

1986ರಲ್ಲಿ ನ್ಯೂಯಾರ್ಕಿನ ಸೊನಬೆಂಡ್ ಗ್ಯಾಲರಿಯಲ್ಲಿ ಹ್ಯಾಲಿ, ಜೆಫ್ ಕೂನ್ಸ್ ಸೇರಿ ನಾಲ್ವರ ಪ್ರದರ್ಶನ ನಡೆದಾಗ ಪತ್ರಿಕೆಗಳು ಇದಕ್ಕೆ 'ನಿಯೋ ಜಿಯೋ' ಅಂತ ಹೆಸರಿಟ್ಟವು. ಹೊಸ ಜ್ಯಾಮಿತಿ ಅಂತ ಅರ್ಥ. ಹೆಸರು ಬೇಗ ಹಳತಾಯಿತು, ಪ್ರಶ್ನೆ ಹಳತಾಗಲಿಲ್ಲ.

ಒಂದು ಮಾತು ಇಲ್ಲಿ ಹೇಳಬೇಕು. ಪ್ರಶ್ನಿಸುವುದು ಅಂದರೆ ಗೇಲಿ ಮಾಡುವುದಲ್ಲ. ಹ್ಯಾಲಿ ಚೌಕವನ್ನು ಬಿಟ್ಟು ಹೋಗಲಿಲ್ಲ. ಅಜ್ಜ ಕಟ್ಟಿಸಿದ ಮನೆಯಲ್ಲೇ ಇದ್ದುಕೊಂಡು, ಈ ಮನೆಗೆ ಕಿಟಕಿ ಯಾಕೆ ಇಷ್ಟು ಚಿಕ್ಕದು ಅಂತ ಕೇಳುವ ಮೊಮ್ಮಗನ ಥರ ಅವರು.

ಶೇಡ್ ಕಾರ್ಡು ಮತ್ತು ಪ್ರಿಂಟರು

ಕಲಾವಿದನ ಕೈ, ಕಲಾವಿದನ ಆಯ್ಕೆ ಅನ್ನುವ ಆದರ್ಶವನ್ನು ಬೇರೆಯವರು ಮುಟ್ಟಿದರು. ಜರ್ಮನಿಯ ಗೆರ್ಹಾರ್ಡ್ ರಿಕ್ಟರ್ 1966ರಲ್ಲಿ ಪೇಂಟ್ ಅಂಗಡಿಯ ಶೇಡ್ ಕಾರ್ಡನ್ನೇ ದೊಡ್ಡದಾಗಿ ಬರೆದರು. ಮಾಂಡ್ರಿಯನ್ ಒಂದು ಹಳದಿ ಚೌಕ ಎಲ್ಲಿ ಕೂರಬೇಕು ಅಂತ ದಿನಗಟ್ಟಲೆ ತೂಗಿ ನೋಡುತ್ತಿದ್ದರು. ರಿಕ್ಟರ್ ಆ ತೂಗುವಿಕೆಯನ್ನೇ ಕೈಬಿಟ್ಟು ಮುಂದೆ ಬಣ್ಣಗಳ ಜಾಗವನ್ನು ಚೀಟಿ ಎತ್ತಿದ ಹಾಗೆ ಅದೃಷ್ಟಕ್ಕೆ ಒಪ್ಪಿಸಿದರು. 2007ರಲ್ಲಿ ಕಲೋನ್ ಕೆಥೆಡ್ರಲ್‌ಗೆ ಅವರು ಮಾಡಿಕೊಟ್ಟ ಕಿಟಕಿಯಲ್ಲಿ 72 ಬಣ್ಣಗಳ 11 ಸಾವಿರಕ್ಕೂ ಹೆಚ್ಚು ಗಾಜಿನ ಚೌಕಗಳಿವೆ. ಯಾವ ಬಣ್ಣ ಎಲ್ಲಿ ಅನ್ನುವುದನ್ನು ಬಹುಪಾಲು ನಿರ್ಧರಿಸಿದ್ದು ಕಂಪ್ಯೂಟರ್.

ಅಮೆರಿಕದ ವೇಡ್ ಗೈಟನ್ ಇನ್ನೂ ಮುಂದೆ ಹೋದರು. ಅವರು ಬ್ರಷ್ ಹಿಡಿಯುವುದೇ ಇಲ್ಲ. ಕಂಪ್ಯೂಟರಿನಲ್ಲಿ ಒಂದು ಕಪ್ಪು ಆಯತವನ್ನೋ, 'ಎಕ್ಸ್' ಅಕ್ಷರವನ್ನೋ ಇಟ್ಟು, ದೊಡ್ಡ ಎಪ್ಸನ್ ಇಂಕ್‌ಜೆಟ್ ಪ್ರಿಂಟರಿಗೆ ಕ್ಯಾನ್ವಾಸ್ ಬಟ್ಟೆ ತೂರಿಸುತ್ತಾರೆ. ಬಟ್ಟೆ ಪ್ರಿಂಟರಿಗಿಂತ ಅಗಲ. ಹಾಗಾಗಿ ನಡುವೆ ಮಡಚಿ ಒಂದು ಸಲ, ತಿರುಗಿಸಿ ಇನ್ನೊಂದು ಸಲ. ಎರಡು ಅರ್ಧಗಳು ಸರಿಯಾಗಿ ಕೂಡುವುದಿಲ್ಲ. ಬಟ್ಟೆ ಸಿಕ್ಕಿಹಾಕಿಕೊಳ್ಳುತ್ತದೆ, ಶಾಯಿ ಕಮ್ಮಿಯಾದಲ್ಲಿ ಬಿಳಿ ಗೀರು ಬೀಳುತ್ತದೆ, ಎಳೆದಾಗ ಕಪ್ಪು ಹರಡುತ್ತದೆ. ಆಫೀಸಿನ ಪ್ರಿಂಟರ್ ಇಂಕ್ ಖಾಲಿಯಾಗುವಾಗ ಮಾಡುವ ಗಲೀಜು ಎಲ್ಲರಿಗೂ ಗೊತ್ತಲ್ವಾ, ಅದೇ. ದೂರದಿಂದ ಮಾತ್ರ ಇದು ಮಾಲೆವಿಚ್‌ರ ವಂಶದ ಗಂಭೀರ ಕಪ್ಪು ಚಿತ್ರ.

ಕೈ ಇಲ್ಲ ಅಂದಮೇಲೆ ಇದು ಒಂದೇ ಒಂದು ಕೃತಿ ಅನ್ನುವ ಹೆಮ್ಮೆಯ ಗತಿ ಏನು? 2014ರಲ್ಲಿ ಅವರ ಹಳೆಯ ಚಿತ್ರವೊಂದು ಹರಾಜಿಗೆ ಬಂದಾಗ, ಗೈಟನ್ ಅದೇ ಫೈಲಿನಿಂದ ಮತ್ತೆ ಮತ್ತೆ ಪ್ರಿಂಟ್ ತೆಗೆದು ಇನ್‌ಸ್ಟಾಗ್ರಾಂನಲ್ಲಿ ಹಾಕಿದರು. ಆದರೂ ಹರಾಜಿನಲ್ಲಿ ಆ ಚಿತ್ರ 30 ಲಕ್ಷ ಡಾಲರ್‌ಗೂ ಹೆಚ್ಚು ಬೆಲೆಗೆ ಹೋಯಿತು. ಪ್ರಶ್ನೆ ಕೇಳುವ ಚಿತ್ರವನ್ನೂ ಮಾರುಕಟ್ಟೆ ಸಲೀಸಾಗಿ ಕೊಂಡುಕೊಳ್ಳುತ್ತದೆ ಅನ್ನುವುದು ಈ ಕಥೆಯ ಕಷ್ಟದ ಭಾಗ. ಹ್ಯಾಲಿ ಚಿತ್ರಗಳಿಗೂ ಇದೇ ಆಗಿದೆ.

ಸಲೂನಿನ ಕಾಗದ

ಎಲ್ಲರಿಗೂ ಸಮಾನ ಅಂತ ಆಧುನಿಕರು ಹೇಳಿದಾಗ, ಆ 'ಎಲ್ಲರೂ' ಯಾರು? ಪುಸ್ತಕಗಳಲ್ಲಿ ಹೆಸರು ಬಂದವರು ಹೆಚ್ಚಾಗಿ ಬಿಳಿಯ ಗಂಡಸರೇ. ಲಾಸ್ ಏಂಜಲಿಸ್‌ನ ಕಪ್ಪು ಕಲಾವಿದ ಮಾರ್ಕ್ ಬ್ರಾಡ್‌ಫರ್ಡ್ ಇದಕ್ಕೆ ವಾದದಿಂದಲ್ಲ, ತಾವು ಬಳಸುವ ಸಾಮಾನಿನಿಂದ ಉತ್ತರ ಕೊಡುತ್ತಾರೆ. 1961ರಲ್ಲಿ ಹುಟ್ಟಿದ ಅವರು ತಾಯಿಯ ಹೇರ್ ಸಲೂನಿನಲ್ಲಿ ಕೂದಲು ವಿನ್ಯಾಸ ಮಾಡುತ್ತಾ ಬೆಳೆದವರು. ಕೂದಲು ಗುಂಗುರು ಮಾಡುವಾಗ ತುದಿಗೆ ಸುತ್ತುವ ಒಂದು ತೆಳು ಕಾಗದ ಇರುತ್ತದೆ. ಅಂಗೈಯಲ್ಲಿ ಮುಚ್ಚಬಹುದಾದಷ್ಟು ಚಿಕ್ಕದು, ಬೆಳಕಿಗೆ ಹಿಡಿದರೆ ಆಚೆ ಕಾಣುತ್ತದೆ. ಬ್ರಾಡ್‌ಫರ್ಡ್ ಇವುಗಳ ಅಂಚನ್ನು ಬೆಂಕಿಗೆ ಹಿಡಿದು ಸುಟ್ಟು, ಸಾಲುಸಾಲಾಗಿ ಕ್ಯಾನ್ವಾಸಿಗೆ ಅಂಟಿಸಿದರು. ಸುಟ್ಟ ಅಂಚೇ ಗೆರೆ. ಹತ್ತು ಹೆಜ್ಜೆ ದೂರದಿಂದ ನೋಡಿದರೆ ಶಾಂತವಾದ ಚೌಕುಳಿ, ಪಕ್ಕಾ ಆಧುನಿಕ ಚಿತ್ರ. ಹತ್ತಿರ ಹೋದರೆ ದಿನವಿಡೀ ನಿಂತು ಬೇರೆಯವರ ತಲೆ ಬಾಚಿದ ಹೆಂಗಸರ ದುಡಿಮೆ.

ಆಮೇಲಿನ ಕೃತಿಗಳಿಗೆ ಅವರು ತಮ್ಮ ಬಡಾವಣೆಯ ಬೇಲಿಗಳಿಂದ ಪೋಸ್ಟರ್ ಕಿತ್ತು ತಂದು, ಪದರದ ಮೇಲೆ ಪದರ ಅಂಟಿಸಿ, ಸ್ಯಾಂಡಿಂಗ್ ಮೆಷಿನ್ ಹಿಡಿದು ಉಜ್ಜಿದರು. ಒಳಗಿನ ಅಕ್ಷರ, ಬಣ್ಣ ಅಲ್ಲಲ್ಲಿ ಮೇಲೆದ್ದು ಬರುತ್ತವೆ, ಊರಿನ ನಕ್ಷೆಯ ಹಾಗೆ. ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನವಾದ ವೆನಿಸ್ ಬಿನಾಲೆಯಲ್ಲಿ 2017ರಲ್ಲಿ ಅಮೆರಿಕವನ್ನು ಪ್ರತಿನಿಧಿಸಿದ್ದು ಇವರೇ.

ಭದ್ರಾವತಿಯಿಂದ ಒಂದು ಕೆಂಪು ಗೆರೆ

ಈ ಮಾತುಕತೆಯಲ್ಲಿ ಕರ್ನಾಟಕದವರೂ ಇದ್ದಾರೆ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ ಎಲ್ಲ ಕಡೆ ಓದಿದ್ದು ಚಿತ್ರಕಲೆಯನ್ನೇ. 1990ರ ದಶಕದ ಆರಂಭದಲ್ಲಿ, ದೇಶದಲ್ಲಿ ಕೋಮು ಹಿಂಸೆ ಹೆಚ್ಚಿದ ದಿನಗಳಲ್ಲಿ, ಅವರು ಸಗಣಿಯನ್ನು ಕಲೆಯ ಸಾಮಾನಾಗಿ ಕೈಗೆತ್ತಿಕೊಂಡರು. 1998ರಲ್ಲಿ ಶುರುವಾದ ಅವರ ಒಂದು ಕೃತಿಯ ಹೆಸರು 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್'. ಉದ್ದುದ್ದ ದಾರಗಳನ್ನು ಸೂಜಿಗಳಿಗೆ ಪೋಣಿಸಿ, ಒಟ್ಟುಗೂಡಿಸಿ, ಅಂಟು ಮತ್ತು ಕುಂಕುಮ ಬಳಿದು ಹಗ್ಗ ಮಾಡಿದ್ದಾರೆ. ಅದು ಗೋಡೆ ಹಿಡಿದು, ನೆಲಕ್ಕಿಳಿದು, ಸುರುಳಿಯಾಗಿ ಕೋಣೆಯ ತುಂಬ ಹರಿಯುತ್ತದೆ. ಕಣ್ಣು ಕಿರಿದು ಮಾಡಿ ನೋಡಿದರೆ ಗಾಳಿಯಲ್ಲಿ ಎಳೆದ ಒಂದು ಕೆಂಪು ಗೆರೆ, ಅಷ್ಟೇ. ಆದರೆ ಕನ್ನಡದ ಯಾವ ಹೆಣ್ಣುಮಗಳಿಗೂ ಆ ಕೆಂಪು ಬರೀ ಕೆಂಪಾಗಿ ಉಳಿಯುವುದಿಲ್ಲ. ಹಗ್ಗದ ತುದಿಯಲ್ಲಿ ಆ ಸೂಜಿಗಳು ಗೊಂಚಲಾಗಿ ಹಾಗೇ ನೇತಾಡುತ್ತಿರುತ್ತವೆ.

ಎದುರು ನಿಂತಾಗ

ಇನ್ನು ಮೇಲೆ ಇಂಥ ಚಿತ್ರ ಎದುರಾದರೆ "ಇದು ಏನು?" ಅಂತ ಕೇಳುವ ಬದಲು "ಇದು ಯಾವುದರಿಂದ ಮಾಡಿದ್ದು, ಈ ಆಕಾರವನ್ನು ನಾನು ಮೊದಲು ಎಲ್ಲಿ ನೋಡಿದ್ದೆ?" ಅಂತ ಕೇಳಿಕೊಳ್ಳಿ. ಒಂದು ಸಲ ದೂರದಿಂದ, ಒಂದು ಸಲ ಹತ್ತಿರದಿಂದ, ಆಮೇಲೆ ಪಕ್ಕಕ್ಕೆ ಸರಿದು ಅಂಚಿನಿಂದ ನೋಡಿ. ಫೋನಿನ ಪರದೆಯಲ್ಲಿ ಇವು ಅರ್ಧವೂ ಸಿಗುವುದಿಲ್ಲ. ತರಿ, ಗೀರು, ಸುಟ್ಟ ಅಂಚು ಯಾವುದೂ ಫೋಟೋಗೆ ಬರುವುದಿಲ್ಲ. ನನ್ನ ಮಗುವೂ ಇದನ್ನು ಮಾಡುತ್ತೆ ಅನ್ನಿಸಿದರೆ ತಪ್ಪೇನಿಲ್ಲ, ಚೌಕ ಎಳೆಯುವುದು ನಿಜಕ್ಕೂ ಸುಲಭ. ಆ ಚೌಕದ ಮೇಲೆ ಹಿಂದೆ ಎಷ್ಟು ನಂಬಿಕೆ ಇಟ್ಟಿದ್ದರು ಅಂತ ಗೊತ್ತಿದ್ದೂ ಅದಕ್ಕೆ ಕಂಬಿ ಇಡುವುದು ಬೇರೆ ಕೆಲಸ.

ಮಾಲೆವಿಚ್‌ರ ಆ ಕಪ್ಪು ಚೌಕ ಈಗ ಮಾಸ್ಕೋದ ಟ್ರೆಟ್ಯಾಕೋವ್ ಗ್ಯಾಲರಿಯಲ್ಲಿದೆ. ಬಣ್ಣ ಒಣಗಿ ಬಿರುಕು ಬಿಟ್ಟಿದೆ, ಕೆರೆ ಬತ್ತಿದಾಗ ತಳದ ಕೆಸರು ಬಿಡುವಂಥ ಬಿರುಕು. ಆ ಬಿರುಕುಗಳಲ್ಲಿ ಬೇರೆ ಬಣ್ಣ ಇಣುಕುವುದು ಮೊದಲೇ ಕಾಣುತ್ತಿತ್ತು. 2015ರಲ್ಲಿ, ಚೌಕಕ್ಕೆ ನೂರು ವರ್ಷ ತುಂಬಿದಾಗ, ಅಲ್ಲಿನ ತಜ್ಞರು ಎಕ್ಸ್–ರೇ ಹಿಡಿದು ಒಳಗೆ ನೋಡಿದರು. ಸೊನ್ನೆಯಿಂದ ಶುರುವಾದದ್ದು ಅಂತ ಹೇಳಿದ್ದ ಆ ಕಪ್ಪಿನ ಅಡಿಯಲ್ಲಿ, ಒಂದರ ಮೇಲೊಂದು, ಬಣ್ಣಬಣ್ಣದ ಎರಡು ಚಿತ್ರಗಳಿದ್ದವು.